ರಾತ್ರಿಯಾದರೂ ಆರದ ಊರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸೆಕೆಯನ್ನು ಕುರಿತವು. ಉಳಿದವುಗಳಲ್ಲಿ ಬಹುಪಾಲು ಮಳೆ ಮತ್ತು ಕುಡಿಯುವ ನೀರನ್ನು ಕುರಿತವು. ಬರೆದವರಿಗೆ ಇವು ಬೇರೆ ಬೇರೆ ತೊಂದರೆಗಳಾಗಿ ಕಂಡಿವೆ. ನನಗೆ ಇವೆಲ್ಲ ಒಂದೇ ಲೆಕ್ಕದ ಪುಟಗಳಂತೆ ಕಾಣುವುದರಿಂದ ಒಟ್ಟಿಗೇ ಉತ್ತರಿಸಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿ, ಬರೆದವರ ಹೆಸರು ಬಿಟ್ಟು, ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 1978ರಲ್ಲಿ ಜಯನಗರಕ್ಕೆ ಬಂದಾಗ ನಮ್ಮ ಮನೆಯಲ್ಲಿ ಫ್ಯಾನ್ ಇರಲಿಲ್ಲ. ಏಪ್ರಿಲ್ ತಿಂಗಳಲ್ಲೂ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುತ್ತಿದ್ದೆವು. ಈಗ ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೂ ಬೆಚ್ಚಗಿರುತ್ತದೆ. ಇದು ಭೂಮಿಯೆಲ್ಲ ಬಿಸಿಯಾಗುತ್ತಿರುವುದರ ಫಲವೋ, ನಾವೇ ತಂದುಕೊಂಡದ್ದೋ? (ಬೆಂಗಳೂರು)

ಉತ್ತರ: ಎರಡೂ ಹೌದು. ಆದರೆ ನೀವು ಗೋಡೆಯನ್ನು ಮುಟ್ಟಿ ನೋಡಿದ್ದರಿಂದ ಉತ್ತರದ ಅರ್ಧ ಭಾಗ ನಿಮ್ಮ ಅಂಗೈಗೇ ಸಿಕ್ಕಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಸರಾಸರಿ ತಾಪಮಾನ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿತ್ತು. ಈ ಏರಿಕೆಯಲ್ಲಿ ಹಳ್ಳಿಗೂ ಪಾಲಿದೆ, ಪಟ್ಟಣಕ್ಕೂ ಪಾಲಿದೆ. ಅದರ ಮೇಲೆ ಊರು ತನ್ನದೇ ಆದ ಇನ್ನೊಂದು ಏರಿಕೆಯನ್ನು ಸೇರಿಸುತ್ತದೆ. ಅದು ಹಗಲಿಗಿಂತ ರಾತ್ರಿ ಎದ್ದು ಕಾಣುತ್ತದೆ. ವಿಜ್ಞಾನಿಗಳು ಇದಕ್ಕೆ ನಗರದ ಉಷ್ಣದ್ವೀಪ ಎಂದು ಹೆಸರಿಟ್ಟಿದ್ದಾರೆ.

ಇದು ಹೊಸ ಸಂಗತಿಯಲ್ಲ. ಮೋಡಗಳಿಗೆ ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನು ಕೊಟ್ಟ ಲಂಡನ್ನಿನ ಲ್ಯೂಕ್ ಹೊವಾರ್ಡ್ ಎಂಬ ಔಷಧ ತಯಾರಕ, ನಗರದ ಒಳಗಿನ ಮತ್ತು ಹೊರಗಿನ ತಾಪಮಾನವನ್ನು ವರ್ಷಗಟ್ಟಲೆ ಹೋಲಿಸಿ, 1818ರಿಂದ ಅದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದ. ಹೊರವಲಯಕ್ಕಿಂತ ಲಂಡನ್ ನಗರದ ರಾತ್ರಿ ಸುಮಾರು 3.7 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬೆಚ್ಚಗಿದ್ದು, ಹಗಲು ಮಾತ್ರ ಒಂದಿಷ್ಟೇ ತಂಪಾಗಿರುತ್ತದೆ ಎಂದು ಅವನು ಕಂಡುಕೊಂಡ. ಕಾರು, ಹವಾನಿಯಂತ್ರಣ ಯಂತ್ರ ಯಾವುದೂ ಇಲ್ಲದ ಕಾಲದ ಮಾತಿದು ಎಂಬುದನ್ನು ಗಮನಿಸಬೇಕು.

ಕಾರಣ ಸರಳವಾದದ್ದು. ಬಿಸಿಲು ತೇವವಿರುವ ಮಣ್ಣಿನ ಮೇಲೆ, ಹುಲ್ಲಿನ ಮೇಲೆ, ಎಲೆಯ ಮೇಲೆ ಬಿದ್ದಾಗ ಅದರ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಮುಸ್ಸಂಜೆಯ ಹೊತ್ತಿಗೆ ನೆಲದಲ್ಲಿ ಉಳಿದಿರುವ ಶಾಖ ಕಡಿಮೆ. ಅದೇ ಬಿಸಿಲು ಡಾಂಬರು, ಇಟ್ಟಿಗೆ, ಕಾಂಕ್ರೀಟುಗಳ ಮೇಲೆ ಬಿದ್ದಾಗ ಆವಿಯಾಗಲು ಅಲ್ಲಿ ನೀರೇ ಇರುವುದಿಲ್ಲವಾದ್ದರಿಂದ ಶಾಖವು ಒಳಕ್ಕಿಳಿದು ಕೂರುತ್ತದೆ, ಮತ್ತು ಸೂರ್ಯ ಮುಳುಗಿದ ಮೇಲೆ ನಿಧಾನವಾಗಿ ಹೊರಬರುತ್ತದೆ. ಬಯಲಿನಲ್ಲಾದರೆ ಆ ಶಾಖ ನೇರವಾಗಿ ಆಕಾಶಕ್ಕೆ ಹೋಗುತ್ತದೆ. ಮೂವತ್ತು ಅಡಿ ರಸ್ತೆಯ ಎರಡೂ ಬದಿಗೆ ನಾಲ್ಕು ಅಂತಸ್ತಿನ ಮನೆಗಳು ನಿಂತಾಗ ಒಂದು ಗೋಡೆ ಬಿಟ್ಟ ಶಾಖವನ್ನು ಎದುರಿನ ಗೋಡೆ ಹೀರಿಕೊಳ್ಳುತ್ತದೆ. ರಸ್ತೆಯ ನಡುವೆ ನಿಂತು ತಲೆಯೆತ್ತಿದಾಗ ಕಾಣುವ ಆಕಾಶದ ಪಟ್ಟಿ ಎಷ್ಟು ಕಿರಿದೋ, ಆ ಬೀದಿ ಆರುವುದು ಅಷ್ಟು ತಡ. ನಿಮ್ಮ ಬೀದಿಯಲ್ಲಿ ಅಂದು ಹೆಂಚಿನ ಮನೆಗಳೂ ಹಿತ್ತಿಲೂ ಇದ್ದಿರಬೇಕು ಎಂದು ಊಹಿಸುತ್ತೇನೆ.

ಬೆಂಗಳೂರಿಗೆ ಇದರಿಂದ ಆದ ನಷ್ಟ ಒಂದು ತೂಕ ಹೆಚ್ಚೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ಹಿರಿಮೆ ಇದ್ದದ್ದು ಹಗಲಿನ ತಂಪಿನಲ್ಲಿ ಅಷ್ಟಾಗಿ ಅಲ್ಲ. ಏಪ್ರಿಲ್ ಮಧ್ಯಾಹ್ನಗಳು ಇಲ್ಲಿ ಹಿಂದೆಯೂ ಬಿಸಿಯಾಗಿದ್ದವು, 1931ರ ಮೇ ತಿಂಗಳಲ್ಲೇ 38.9 ಡಿಗ್ರಿ ದಾಖಲಾಗಿತ್ತು. ಹಿರಿಮೆ ಇದ್ದದ್ದು ಸಂಜೆಯಾಗುತ್ತಲೇ ಸರಸರನೆ ತಣಿಯುವ ಗುಣದಲ್ಲಿ. ಆ ಗುಣವನ್ನೇ ಕಾಂಕ್ರೀಟು ಮೊದಲು ತಿಂದುಹಾಕಿತು.

ಪ್ರಶ್ನೆ: ನಗರದಲ್ಲಿ 50 ಡಿಗ್ರಿ ಬಿಸಿ ಎಂದು ಉಪಗ್ರಹದ ಚಿತ್ರ ತೋರಿಸುತ್ತಾರೆ, ಅದೇ ದಿನ ಹವಾಮಾನ ಇಲಾಖೆ 36 ಎನ್ನುತ್ತದೆ. ಯಾರನ್ನು ನಂಬಬೇಕು? (ತುಮಕೂರು)

ಉತ್ತರ: ಇಬ್ಬರನ್ನೂ ನಂಬಬಹುದು, ಅವರು ಅಳೆದದ್ದು ಬೇರೆ ಬೇರೆ ವಸ್ತುಗಳನ್ನು. ಉಪಗ್ರಹ ಕಾಣುವುದು ನೆಲ, ತಾರಸಿ, ಮರದ ನೆತ್ತಿ ಮುಂತಾದ ಮೇಲ್ಮೈಗಳ ಬಿಸಿಯನ್ನು. ಹವಾಮಾನ ಇಲಾಖೆ ಅಳೆಯುವುದು ನೆರಳಿನಲ್ಲಿರುವ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದ ಗಾಳಿಯ ತಾಪಮಾನವನ್ನು. ಬರಿಗಾಲಿನಲ್ಲಿ ಮಧ್ಯಾಹ್ನ ತಾರಸಿಗೆ ಹೋದವರಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಇದೆ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿದರೆ ಮಾತ್ರ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಘೋಷಿಸುವ ವಿಚಾರಕ್ಕೆ ಬರುತ್ತದೆ. ಕರಾವಳಿಗೆ ಈ ಮಿತಿ 37. ಬೆಂಗಳೂರು ನಗರದ ಈವರೆಗಿನ ಗರಿಷ್ಠ ದಾಖಲೆ 2016ರ ಏಪ್ರಿಲ್‌ನ 39.2 ಡಿಗ್ರಿ; 2024ರ ಏಪ್ರಿಲ್ 28ರಂದು 38.5 ಇತ್ತು. ಹೀಗಾಗಿ ಊರೆಲ್ಲ ಬೆವರಿ ಬಸವಳಿದ ದಿನವೂ ಕಾಗದದ ಮೇಲೆ ಬಿಸಿಗಾಳಿ ಇರುವುದಿಲ್ಲ. ಕಟ್ಟಡದ ಕೂಲಿಯವರಿಗೆ ಮಧ್ಯಾಹ್ನದ ಬಿಡುವು, ಆಸ್ಪತ್ರೆಗಳಿಗೆ ಮುನ್ನೆಚ್ಚರಿಕೆ ಮುಂತಾದವು ಆ ಒಂದು ಪದಕ್ಕೆ ಕಾದು ಕೂತಿದ್ದರೆ ಬೆಂಗಳೂರಿನಂಥ ಊರಿಗೆ ಅವು ಎಂದೂ ಸಿಗಲಾರವು. ರಾತ್ರಿಯ ಕನಿಷ್ಠ ತಾಪಮಾನವನ್ನೂ ಮನೆಯೊಳಗಿನ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆಯಾ ಊರಿಗೆ ಹೊಂದುವ ಮಿತಿಗಳನ್ನು ಗೊತ್ತುಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮದು ಆರ್‌ಸಿಸಿ ತಾರಸಿಯ ಒಂದಂತಸ್ತಿನ ಮನೆ. ತಾರಸಿಗೆ ಬಿಳಿ ಬಣ್ಣ ಬಳಿದರೆ ತಂಪಾಗುತ್ತದೆ ಎಂದು ಮಗ ಹೇಳುತ್ತಾನೆ. ಹಣ ದಂಡ ಎಂದು ಮನೆಯವರು ಹೇಳುತ್ತಾರೆ. (ಕಲಬುರಗಿ)

ಉತ್ತರ: ನಿಮ್ಮ ಮಗನ ಮಾತು ಸರಿ, ಆದರೆ ದುಬಾರಿ ಬಣ್ಣವೇ ಬೇಕೆಂದಿಲ್ಲ. ಹೊಸದಾಗಿ ಬಳಿದ ಬಿಳಿ ತಾರಸಿ ತನ್ನ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಭಾಗದಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಹಳೆಯ, ಪಾಚಿಗಟ್ಟಿ ಕಪ್ಪಾದ ತಾರಸಿ ಬಹುಪಾಲನ್ನು ನುಂಗುತ್ತದೆ. ನಾಲ್ಕೈದು ಅಂಗುಲ ದಪ್ಪದ ಸ್ಲ್ಯಾಬಿನ ಮೂಲಕ ಹಾದು ಆ ಶಾಖ ಕೆಳಗಿನ ಕೋಣೆಯನ್ನು ಮುಟ್ಟಲು ಕೆಲವು ಗಂಟೆ ಬೇಕಾಗುತ್ತದೆಯಾದ್ದರಿಂದ, ಮಧ್ಯಾಹ್ನದ ಬಿಸಿಲು ನಿಮ್ಮ ತಲೆಯ ಮೇಲೆ ಇಳಿಯುವುದು ನೀವು ಮಲಗಲು ಹೊರಟ ಹೊತ್ತಿಗೆ. ತಾರಸಿ ಬಿಳಿಯಾಗಿದ್ದರೆ ಅದರ ಕೆಳಗಿನ ಕೋಣೆಯಲ್ಲಿ ಎರಡು ಮೂರು ಡಿಗ್ರಿಯ ವ್ಯತ್ಯಾಸವನ್ನು ಧಾರಾಳವಾಗಿ ನಿರೀಕ್ಷಿಸಬಹುದು. ತಗಡಿನ ಮಾಡಾದರೆ ಲಾಭ ಇನ್ನೂ ಹೆಚ್ಚು; ಮೂರಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ ಇರುವವರಿಗೆ ಏನೇನೂ ಇಲ್ಲ.

ಸುಣ್ಣಕ್ಕೆ ತುಸು ಅಂಟು ಬೆರೆಸಿ, ತಾರಸಿಯನ್ನು ಚೆನ್ನಾಗಿ ಗುಡಿಸಿ ತೊಳೆದು, ಫೆಬ್ರುವರಿ ಕೊನೆಗೆ ಎರಡು ಕೈ ಬಳಿದರೆ ಸಾಕು. ಮಳೆಗೆ ಅದು ತೊಳೆದುಹೋಗುತ್ತದೆ. ಯುಗಾದಿಗೆ ಮನೆ ಸುಣ್ಣಬಣ್ಣ ಕಾಣುವ ನಮ್ಮ ಪದ್ಧತಿಗೆ ತಾರಸಿಯನ್ನೂ ಸೇರಿಸಿಕೊಂಡರಾಯಿತು. ಧೂಳು ಕೂತಷ್ಟೂ ಬಿಳುಪು ಕೆಡುವುದರಿಂದ ಬೇಸಿಗೆಯ ನಡುವೆ ಒಮ್ಮೆ ಕಸಬರಿಕೆ ಆಡಿಸುವುದು ಒಳ್ಳೆಯದು. ಸಂಜೆಯ ಮೇಲೆ ಹೊರಗಿನ ಗಾಳಿ ಒಳಗಿಗಿಂತ ತಂಪಾದ ಕೂಡಲೇ ಎದುರುಬದುರು ಕಿಟಕಿಗಳನ್ನು ತೆರೆಯದಿದ್ದರೆ ಸುಣ್ಣದ ಅರ್ಧ ಫಲ ಕೈತಪ್ಪುತ್ತದೆ.

ನಿಮ್ಮ ಭಾಗದವರಿಗೆ ಇದನ್ನೆಲ್ಲ ಹೇಳುವುದೇ ಒಂದು ವಿಪರ್ಯಾಸ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಶಹಾಬಾದ್ ಕಲ್ಲಿನ ನೆಲ, ಸಣ್ಣ ಕಿಟಕಿ ಇವುಗಳಿಂದ ಬಿಸಿಲನ್ನು ಸಂಭಾಳಿಸುವ ಮನೆಗಳನ್ನು ನಿಮ್ಮ ಹಿರಿಯರು ಕಟ್ಟಿದ್ದರು. ಬಿಸಿಲಿಗೆ ತಕ್ಕಂತೆ ದಿನಚರಿಯನ್ನು ಬದಲಿಸಿಕೊಳ್ಳುವ ವಿವೇಕ ಈಗಲೂ ಅಲ್ಲಿ ಉಳಿದಿದೆ: ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಆದರೆ ಗಾರೆ ಕೆಲಸದವರಿಗೆ, ತಳ್ಳುಗಾಡಿಯವರಿಗೆ ಆ ಆದೇಶ ಅನ್ವಯಿಸುವುದಿಲ್ಲ. ಈ ವಿಷಯದಲ್ಲಿ ಅಹಮದಾಬಾದನ್ನು ನೋಡಿ ಕಲಿಯಬೇಕು. 2010ರ ಮೇ ತಿಂಗಳ ಬಿಸಿಗಾಳಿಯ ಅವಧಿಯಲ್ಲಿ ಆ ನಗರದಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. ಅದರ ಬಳಿಕ 2013ರಲ್ಲಿ ಅವರು ದಕ್ಷಿಣ ಏಷ್ಯಾದಲ್ಲೇ ಮೊದಲನೆಯದಾದ ಬಿಸಿಲು ನಿರ್ವಹಣಾ ಯೋಜನೆಯನ್ನು ಮಾಡಿಕೊಂಡರು. ಮುಂಚಿತವಾಗಿ ಬಣ್ಣದ ಸಂಕೇತದಲ್ಲಿ ಎಚ್ಚರಿಕೆ ಕೊಡುವುದು, ಆಸ್ಪತ್ರೆಯ ಸಿಬ್ಬಂದಿಗೆ ತರಬೇತಿ ಕೊಡುವುದು, ನೀರಿನ ಅರವಟ್ಟಿಗೆಗಳನ್ನು ಇಡುವುದು ಇವುಗಳ ಜೊತೆಗೆ ಬಡವರ ಮನೆಗಳ ಮಾಡಿಗೆ ಸುಣ್ಣ ಬಳಿಸುವ ಕೆಲಸವೂ ಆ ಪ್ರಯತ್ನದಲ್ಲಿ ಸೇರಿಕೊಂಡಿತು.

ಪ್ರಶ್ನೆ: ಎಲ್ಲರೂ ಎ.ಸಿ. ಹಾಕಿಸಿಕೊಂಡರೆ ಊರು ಇನ್ನಷ್ಟು ಬಿಸಿಯಾಗುತ್ತದೆಯೇ? (ಬಳ್ಳಾರಿ)

ಉತ್ತರ: ಆಗುತ್ತದೆ. ಎ.ಸಿ. ಶಾಖವನ್ನು ಇಲ್ಲವಾಗಿಸುವುದಿಲ್ಲ, ಕೋಣೆಯಿಂದ ಬೀದಿಗೆ ಸಾಗಿಸುತ್ತದೆ. ಶಾಖವನ್ನೂ ವಿದ್ಯುತ್ ಬಿಲ್ಲಿನ ಯೂನಿಟ್ಟಿನಲ್ಲೇ ಅಳೆದರೆ, ಒಂದು ಯೂನಿಟ್ ವಿದ್ಯುತ್ತಿನಿಂದ ಕೋಣೆಯ ಮೂರು ಯೂನಿಟ್ ಶಾಖವನ್ನು ಹೊರಹಾಕುವ ಯಂತ್ರವು, ತಾನು ಬಳಸಿದ್ದನ್ನೂ ಸೇರಿಸಿ, ನಾಲ್ಕು ಯೂನಿಟ್ ಶಾಖವನ್ನು ಪಕ್ಕದ ಮನೆಯ ಕಿಟಕಿಯ ಕಡೆಗೆ ಊದುತ್ತದೆ. ಹಾಗೆಂದು ಬಳ್ಳಾರಿಯ ಮೇ ತಿಂಗಳಲ್ಲಿ ಹಸುಗೂಸು, ಮುದುಕರು, ಹೃದ್ರೋಗಿಗಳು ಇರುವ ಮನೆಯವರಿಗೆ ಎ.ಸಿ. ಬೇಡವೆನ್ನುವ ಧೈರ್ಯ ನನಗಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಮಹಿಳಾ ಸಂಘದಿಂದ ರಸ್ತೆ ಬದಿ ಸಸಿ ನೆಡಬೇಕೆಂದಿದ್ದೇವೆ. ಯಾವ ಮರ ಒಳ್ಳೆಯದು? ಹಿಂದೆ ನೆಟ್ಟವು ಮೂರು ವರ್ಷವಾದರೂ ಆಳೆತ್ತರ ದಾಟಲಿಲ್ಲ. (ಮೈಸೂರು)

ಉತ್ತರ: ಯಾವ ಮರ ಎಂಬುದಕ್ಕಿಂತ ಮೊದಲು ಅದರ ಬುಡಕ್ಕೆ ಎಷ್ಟು ಮಣ್ಣು ಬಿಟ್ಟಿದ್ದೀರಿ ಎಂದು ಕೇಳಬೇಕಾಗಿದೆ. ಪಾದಚಾರಿ ಮಾರ್ಗಕ್ಕೆ ಹಾಸುಗಲ್ಲು ಹೊದಿಸುವಾಗ ಬುಡದವರೆಗೂ ಸಿಮೆಂಟು ಮೆತ್ತಿದ್ದರೆ ಆ ಸಸಿಗೆ ನೀರೂ ಇಲ್ಲ, ಉಸಿರೂ ಇಲ್ಲ. ಪ್ರತಿ ಸಸಿಯ ಸುತ್ತ ಕಡಿಮೆಯೆಂದರೆ ಒಂದು ಮೀಟರ್ ನೆಲವನ್ನು ತೆರೆದಿಡಿ, ಮತ್ತು ರಸ್ತೆಯ ಮಳೆನೀರು ಆ ಪಾತಿಗೆ ಇಳಿಯುವಂತೆ ಅಂಚುಕಲ್ಲಿನಲ್ಲಿ ಒಂದು ಕಿಂಡಿ ಬಿಡಿಸಿ. ನೂರು ಸಸಿ ನೆಟ್ಟು ಚಿತ್ರ ತೆಗೆಸಿಕೊಳ್ಳುವುದಕ್ಕಿಂತ ಇಪ್ಪತ್ತನ್ನು ನೆಟ್ಟು ಮೂರು ಬೇಸಿಗೆ ನೀರು ಹೊರುವುದು ಲೇಸು.

ನೀರು ಸಿಗುವ ಒಂದು ದೊಡ್ಡ ಮರ ದಿನಕ್ಕೆ ನೂರು ಲೀಟರಿನಷ್ಟು ನೀರನ್ನು ಎಲೆಗಳಿಂದ ಆವಿಯಾಗಿ ಬಿಡಬಲ್ಲದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಶಾಖ ಬೇಕು. ಅಂದರೆ ನೂರು ಲೀಟರಿಗೆ 68 ಯೂನಿಟ್. ಒಂದೂವರೆ ಟನ್ನಿನ ಎ.ಸಿ. ಹದಿಮೂರು ಗಂಟೆ ಓಡಿ ಹೊರಹಾಕುವಷ್ಟು ಶಾಖ ಇದು. ಈ ಲೆಕ್ಕವನ್ನು ಕೇಳಿ ಹಿಗ್ಗುವವರಿಗೆ ಒಂದು ಎಚ್ಚರಿಕೆ: ಬಯಲಿನ ಗಾಳಿ ಆ ತಂಪನ್ನು ಹಂಚಿಬಿಡುವುದರಿಂದ ಒಂಟಿ ಮರದ ಕೆಳಗೆ ಥರ್ಮಾಮೀಟರು ಹೆಚ್ಚೇನೂ ಇಳಿಯುವುದಿಲ್ಲ. ನಡೆದಾಡುವವರ ಮೈಗೆ ಹಿತವೆನಿಸುವುದು ಮುಖ್ಯವಾಗಿ ನೆರಳು. ಗಾಳಿಯೇ ತಂಪಾಗಬೇಕಾದರೆ ಸಾಲುಮರ ಬೇಕು, ಉದ್ಯಾನ ಬೇಕು, ಮತ್ತು ಅವುಗಳ ಬೇರಿಗೆ ನೀರು ಬೇಕು.

ಈಗ ಮರದ ವಿಷಯ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ವರ್ಷದುದ್ದಕ್ಕೂ ಒಂದಲ್ಲ ಒಂದು ಜಾತಿ ಹೂಬಿಟ್ಟಿರುವಂತೆ ಬೀದಿಮರಗಳನ್ನು ಆರಿಸುವ ಕಲೆಯನ್ನು ಇಲ್ಲಿ ನೆಲೆಗೊಳಿಸಿದ. ಕಣ್ಣಿಗೆ ಅದು ಹಬ್ಬವೇ. ಆದರೆ ತಬೇಬುಯ, ಜಕರಂಡಗಳು ಎಲೆ ಉದುರಿಸಿ ಹೂಬಿಡುವುದು ಬಿಸಿಲೇರುವ ದಿನಗಳಲ್ಲೇ. ನೆರಳು ಬೇಕಾದಾಗ ಅವು ಬೋಳಾಗಿರುತ್ತವೆ. ಹೊಂಗೆಯಾದರೆ ಯುಗಾದಿಯ ಹೊತ್ತಿಗೆ ಹೊಸ ಚಿಗುರು ಹೊದ್ದು, ಬಿರುಬೇಸಿಗೆಯಲ್ಲಿ ದಟ್ಟ ನೆರಳು ಕೊಡುತ್ತದೆ. ಅಗಲವಾದ ರಸ್ತೆಗೆ ನೇರಳೆ, ಬೇವು, ಮಹಾಗನಿ. ವಿದ್ಯುತ್ ತಂತಿ ಹಾದಿರುವ ಬದಿಗೆ ಹೊಂಗೆ. ಮೈದಾನದ ಮೂಲೆ ಸಿಕ್ಕರೆ ಒಂದು ಅರಳಿ ಎಂದು ನಾನು ಆರಿಸುತ್ತೇನೆ. ಗುಲ್‌ಮೊಹರ್ ಗಾಳಿಗೆ ಕೊಂಬೆ ಮುರಿದುಕೊಳ್ಳುವ ಮರವಾದ್ದರಿಂದ ವಾಹನ ನಿಲ್ಲಿಸುವ ಕಡೆ ಬೇಡ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ 2022ರ ಸೆಪ್ಟೆಂಬರಿನಲ್ಲಿ ನೀರು ನುಗ್ಗಿ ದೋಣಿಯಲ್ಲಿ ಹೊರಬಂದೆವು. 2024ರ ಮಾರ್ಚಿನಲ್ಲಿ ಟ್ಯಾಂಕರಿಗಾಗಿ ಸಾಲು ನಿಂತೆವು. ಒಂದೇ ಊರಿಗೆ ಹದಿನೆಂಟು ತಿಂಗಳಲ್ಲಿ ಎರಡೂ ಹೇಗೆ ಸಾಧ್ಯ? (ಬೆಂಗಳೂರು, ಮಹದೇವಪುರ)

ಉತ್ತರ: ಒಂದೇ ಕಾರಣದಿಂದ ಸಾಧ್ಯ. ನೆಲ ನೀರು ಕುಡಿಯುವುದನ್ನು ನಿಲ್ಲಿಸಿದರೆ ಬಿದ್ದ ದಿನ ಅದು ಪ್ರವಾಹ. ಬೀಳದ ದಿನ ಬರ.

ಬೆಂಗಳೂರು ಒಂದು ದಿಬ್ಬದ ನೆತ್ತಿಯ ಮೇಲೆ ಕೂತ ಊರು. ಇಲ್ಲಿ ಬಿದ್ದ ಮಳೆ ಪಶ್ಚಿಮಕ್ಕೆ ವೃಷಭಾವತಿಯ ಮೂಲಕ ಅರ್ಕಾವತಿಗೂ, ಪೂರ್ವಕ್ಕೆ ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ ಇಳಿಯುತ್ತದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಕಾರಣ ಹಿಂದಿನವರು ಆ ಇಳಿಜಾರಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ತೂಬು ಎತ್ತುವುದಕ್ಕೆ ನೀರುಗಂಟಿ ಇದ್ದ, ಹೂಳನ್ನು ಊರವರು ಹೊಲಗಳಿಗೆ ಹೊತ್ತೊಯ್ಯುತ್ತಿದ್ದರು. ನಲ್ಲಿ ಬಂದ ಮೇಲೆ, ಅಂದರೆ 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1933ರಿಂದ ತಿಪ್ಪಗೊಂಡನಹಳ್ಳಿಯಿಂದಲೂ ನೀರು ಹರಿದ ಮೇಲೆ, ಊರೊಳಗಿನ ಕೆರೆಗಳು ಖಾಲಿ ನಿವೇಶನಗಳಂತೆ ಕಾಣತೊಡಗಿದವು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಮೈದಾನವಾಯಿತು. ನಿಮ್ಮ ಮಹದೇವಪುರದ ಕಡೆ ಕೆರೆಗಳು ಹೆಸರಿಗೆ ಉಳಿದವು, ಅವುಗಳನ್ನು ಜೋಡಿಸುತ್ತಿದ್ದ ಕಾಲುವೆಗಳು ಕಿರಿದಾದವು ಅಥವಾ ಕಟ್ಟಡಗಳಡಿ ಸೇರಿದವು.

ಇಂಥ ನೆಲದ ಮೇಲೆ 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದದ್ದು 131.6 ಮಿಲಿಮೀಟರ್ ಮಳೆ. ಒಂದು ಎಕರೆಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಲಕ್ಷ ಲೀಟರ್ ನೀರು. ತೋಟವೋ ಹುಲ್ಲುಗಾವಲೋ ಆಗಿದ್ದರೆ ಅದರ ದೊಡ್ಡ ಭಾಗ ಇಂಗಿ, ಉಳಿದದ್ದು ನಿಧಾನವಾಗಿ ಹರಿಯುತ್ತಿತ್ತು. ಕಾಂಕ್ರೀಟಿನ ಮೇಲೆ ಬಹುತೇಕ ಎಲ್ಲವೂ, ಅದೂ ನಿಮಿಷಗಳಲ್ಲಿ, ತಗ್ಗಿಗೆ ಧಾವಿಸುತ್ತದೆ. ಹಿಂದೆ ಆ ತಗ್ಗಿನಲ್ಲಿ ಕೆರೆಯ ಹಿನ್ನೀರಿನ ಗದ್ದೆಗಳಿದ್ದವು, ಈಗ ನೀವಿದ್ದೀರಿ. ನಿಮ್ಮನ್ನು ನೋಯಿಸಲು ಈ ಮಾತು ಹೇಳುತ್ತಿಲ್ಲ. ಮನೆ ಕೊಳ್ಳುವವರ ಕೈಗೆ ಆ ಜಾಗದ ಹಳೆಯ ಗ್ರಾಮನಕ್ಷೆಯನ್ನು ಯಾರೂ ಕೊಡುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಶೇಕಡಾ 7ರಷ್ಟು ಹೆಚ್ಚುತ್ತದೆ, ಆದ್ದರಿಂದ ಸುರಿಯುವಾಗ ರಪರಪನೆ ಸುರಿಯುವ ಮಳೆಗಳು ಹೆಚ್ಚಾಗುತ್ತವೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆಯಾಗಿ, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಉಳಿದುಬಂದಿದ್ದ ದಾಖಲೆ ಮುರಿಯಿತು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಅದೇ ಊರು ಟ್ಯಾಂಕರಿನ ಹಿಂದೆ ಓಡುತ್ತಿತ್ತು.

ಇನ್ನು ಬರದ ಪುಟ. 2023ರ ಮುಂಗಾರು ಕೈಕೊಟ್ಟಿತ್ತು ನಿಜ. ಆದರೆ ಕಾವೇರಿ ನೀರು ಹರಿಯುತ್ತಿದ್ದ ಹಳೆಯ ಬಡಾವಣೆಗಳು ಹೇಗೋ ನಿಭಾಯಿಸಿದವು. ಒಣಗಿದ್ದು ಕೊಳವೆಬಾವಿಗಳನ್ನೇ ನಂಬಿದ್ದ ಹೊರವಲಯ. ನಮ್ಮ ನೆಲದಡಿ ಇರುವುದು ಗಟ್ಟಿ ಶಿಲೆ. ಮೇಲಿನ ಕೆಲವು ಹತ್ತು ಅಡಿಗಳ ಸಡಿಲ ಮಣ್ಣಿನಲ್ಲಿ ಮಳೆನೀರು ಬೇಗ ತುಂಬಿಕೊಳ್ಳುತ್ತದೆ. ಅದರ ಕೆಳಗಿನ ಬಿರುಕುಗಳಿಗೆ ಹನಿಹನಿಯಾಗಿ ಇಳಿಯುತ್ತದೆ. ಸಾವಿರ ಅಡಿ ಕೊರೆದು ಆ ಬಿರುಕಿನ ನೀರನ್ನು ದಿನವಿಡೀ ಹೀರುತ್ತ, ಮೇಲಿನ ಬಾಗಿಲಿಗೆ ಸಿಮೆಂಟು ಹಾಕಿದರೆ ಬಾವಿ ಬತ್ತದೆ ಇನ್ನೇನಾದೀತು? 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ನಗರಕ್ಕೆ ಸೇರಿಸಿಕೊಂಡ, ನಿಮ್ಮಂಥ 110 ಹಳ್ಳಿಗಳ ಪ್ರದೇಶಕ್ಕೆ ತರುವ ಏರ್ಪಾಟಾಗಿದೆ. ಆ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿ ಬರಬೇಕು. ಪಂಪಿನಲ್ಲಿ ವ್ಯರ್ಥವಾಗುವ ವಿದ್ಯುತ್ತನ್ನು ಲೆಕ್ಕ ಹಿಡಿಯದಿದ್ದರೂ ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ಒಂದೂಕಾಲು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು.

ಈಗ ಒಂದು ಗುಣಾಕಾರ ಮಾಡೋಣ. ನಗರದ ವಿಸ್ತಾರ ಸುಮಾರು 700 ಚದರ ಕಿಲೋಮೀಟರ್, ವರ್ಷದ ಮಳೆ ಸರಾಸರಿ 950 ಮಿಲಿಮೀಟರ್ ಎಂದಿಟ್ಟುಕೊಂಡರೆ, ಊರಿನ ಮೇಲೆ ಬೀಳುವ ನೀರು ದಿನಕ್ಕೆ ಸರಾಸರಿ 182 ಕೋಟಿ ಲೀಟರ್. ಐದನೆಯ ಹಂತಕ್ಕೆ ಮೊದಲು ಕಾವೇರಿಯಿಂದ ಬರುತ್ತಿದ್ದದ್ದು 145 ಕೋಟಿ ಲೀಟರ್. ಮಳೆಯೆಲ್ಲವನ್ನೂ ಹಿಡಿಯಲು ಬರುವುದಿಲ್ಲ, ಹಿಡಿಯಲೂ ಕೂಡದು, ಏಕೆಂದರೆ ಕೆಳಗಿನ ಕೆರೆಗಳಿಗೂ ಹಕ್ಕಿದೆ. ಆದರೂ ಅದರ ಒಂದು ಪಾಲನ್ನಾದರೂ ಇಂಗಿಸುವ ಅವಕಾಶ ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ. 2009ರಲ್ಲೇ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಗಿದೆ. ಹಲವರು ದಂಡಕ್ಕೆ ಹೆದರಿ ಕೊಳವೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಚರಂಡಿಗೆ ಬಿಟ್ಟಿದ್ದಾರೆ. ನಿಮ್ಮ ಸಂಕೀರ್ಣದ ಕೊಳವೆಯ ತುದಿ ಎಲ್ಲಿದೆ ಎಂದು ಮುಂದಿನ ಸಂಘದ ಸಭೆಯಲ್ಲಿ ಕೇಳಿ.

ಕೊಳಚೆ ನೀರಿನ ಕಥೆ ಇನ್ನೂ ವಿಚಿತ್ರ. ನಗರದ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದ್ದು, ಅಲ್ಲಿನ ಅಂತರ್ಜಲ ಮೇಲೆ ಬಂದಿದೆ. ನೀರಿನ ಗುಣಮಟ್ಟದ ಬಗ್ಗೆ ಅಲ್ಲಿನ ರೈತರು ಎತ್ತಿರುವ ಆಕ್ಷೇಪಗಳು ನ್ಯಾಯಾಲಯದವರೆಗೂ ಹೋಗಿದ್ದವು, ಅವನ್ನು ತಳ್ಳಿಹಾಕುವಂತಿಲ್ಲ. ಅದೇ ಕಣಿವೆಯ ಬೆಳ್ಳಂದೂರು ಕೆರೆ ಮಾತ್ರ ನೊರೆ ಉಕ್ಕಿಸಿ, 2017ರಲ್ಲೂ 2018ರಲ್ಲೂ ಬೆಂಕಿ ಹೊತ್ತಿಕೊಂಡು ಜಗತ್ತಿಗೆಲ್ಲ ಹೆಸರಾಯಿತು.

ಪ್ರಶ್ನೆ: ನಗರ ಯೋಜನೆ ಮಾಡುವಾಗ ಗಾಳಿಯ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಊರು ಎಲ್ಲಾದರೂ ಇದೆಯೇ? ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. (ಮಂಗಳೂರು)

ಉತ್ತರ: ಜರ್ಮನಿಯ ಸ್ಟುಟ್‌ಗಾರ್ಟ್ ಇದೆ. ಬೋಗುಣಿಯಂಥ ಕಣಿವೆಯಲ್ಲಿರುವ ಆ ಕೈಗಾರಿಕಾ ನಗರದಲ್ಲಿ ಗಾಳಿ ಬೀಸುವುದೇ ಕಡಿಮೆ. ಆದ್ದರಿಂದ ಅಲ್ಲಿನ ನಗರಾಡಳಿತ 1938ರಲ್ಲೇ ಒಬ್ಬ ಹವಾಮಾನ ತಜ್ಞನನ್ನು ನೇಮಿಸಿಕೊಂಡಿತು. ಸುತ್ತಲಿನ ಕಾಡುಗುಡ್ಡಗಳ ಮೇಲೆ ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರಿನುದ್ದಕ್ಕೆ ಊರಿಗೆ ಜಾರುತ್ತದೆ; ಯಾವ ಕಣಿವೆಗಳ ಮೂಲಕ ಅದು ಇಳಿಯುತ್ತದೆ ಎಂಬುದನ್ನು ಅವರು ನಕ್ಷೆ ಮಾಡಿದರು, ಆ ದಾರಿಗಳಲ್ಲಿ ಕಟ್ಟಡ ಬಾರದಂತೆ ಅಥವಾ ತಗ್ಗಾಗಿರುವಂತೆ ನೋಡಿಕೊಂಡರು. 2008ರಲ್ಲಿ ಇಡೀ ಪ್ರದೇಶದ ಹವಾಮಾನ ನಕ್ಷಾಸಂಪುಟವೂ ಬಂತು. (ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರು ಸಮಾಚಾರವನ್ನು 1843ರಲ್ಲಿ ನಿಮ್ಮೂರಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆ ಸೀಮೆಯವರೇ.)

ನಿಮ್ಮ ಊರಿನ ಗಾಳಿಯ ದಾರಿ ಇನ್ನೂ ಸ್ಪಷ್ಟ: ಹಗಲು ಕಡಲಿನಿಂದ, ರಾತ್ರಿ ನೆಲದಿಂದ, ನೇತ್ರಾವತಿ ಮತ್ತು ಗುರುಪುರ ನದಿಗಳ ಬಯಲನ್ನು ಹಿಡಿದು. ತೇವ ತುಂಬಿದ ಕರಾವಳಿಯಲ್ಲಿ ಬೆವರು ಸುಲಭವಾಗಿ ಆರುವುದಿಲ್ಲವಾದ್ದರಿಂದ ಗಾಳಿಯ ಚಲನೆಯೇ ಮೈಗೆ ಆಸರೆ. ಕಡಲಿಗೆ ಅಡ್ಡಲಾಗಿ ಗೋಡೆ ಕಟ್ಟಿದಂತೆ ಗೋಪುರಗಳು ಏಳುತ್ತ ಹೋದರೆ ಮುಂದಿನ ಸಾಲಿನವರಿಗೆ ಗಾಳಿ, ಹಿಂದಿನ ಸಾಲಿನವರಿಗೆ ಸೆಕೆ. 1865ರಿಂದ ಹೆಂಚು ಮಾಡಿ ಲೋಕಕ್ಕೆಲ್ಲ ಕಳಿಸಿದ ಊರು ಅದು. ಹೆಂಚಿನ ಸಂದಿಯಿಂದ ಬಿಸಿಗಾಳಿ ಮೇಲೇರಿ ಹೋಗುವ ಸೂಕ್ಷ್ಮ ನಿಮ್ಮ ಅಜ್ಜಿಯ ಮನೆಯಲ್ಲೇ ಇದ್ದೀತು. ನಿಮ್ಮ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುತ್ತಿಲ್ಲ.

ಪ್ರಶ್ನೆ: ಎತ್ತರದ ಕಟ್ಟಡ, ಒತ್ತೊತ್ತಾದ ಮನೆ ಕೆಟ್ಟದ್ದೆಂದಾದರೆ ಊರನ್ನು ಅಗಲವಾಗಿ ಹರಡುವುದು ಒಳ್ಳೆಯದಲ್ಲವೇ? ನಮ್ಮ ಅವಳಿ ನಗರಕ್ಕೆ ಏನು ಹೇಳುತ್ತೀರಿ? (ಹುಬ್ಬಳ್ಳಿ)

ಉತ್ತರ: ಹರಡಿದ ಊರು ಹೊಲವನ್ನು ನುಂಗುತ್ತದೆ, ಹಾಲು ತರುವುದಕ್ಕೂ ಬೈಕು ಬೇಕಾಗುವಂತೆ ಮಾಡುತ್ತದೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ್ದು ಬಡಾವಣೆಗಳು ದಿಕ್ಕುದಿಕ್ಕಿಗೆ ಓಡಿದ್ದರಿಂದಲೇ. ಅಲ್ಲಿ 2011ರಲ್ಲಿ ಶುರುವಾದ ಮೆಟ್ರೊ 2025ರ ಹೊತ್ತಿಗೆ ಸುಮಾರು 96 ಕಿಲೋಮೀಟರ್ ಆದರೂ ಊರಿನ ಹಿಂದೆಯೇ ಏದುಸಿರು ಬಿಡುತ್ತಿದೆ. ಮೂರು ನಾಲ್ಕು ಅಂತಸ್ತಿನ ಮನೆಗಳು ಒತ್ತೊತ್ತಾಗಿದ್ದು, ನಡೆದು ಹೋಗುವಷ್ಟರಲ್ಲಿ ಬಸ್ಸು, ಶಾಲೆ, ಸಂತೆ ಸಿಕ್ಕು, ನಡುನಡುವೆ ಮರವೂ ಮಣ್ಣೂ ಇರುವ ಊರು ಎಲ್ಲ ರೀತಿಯಿಂದಲೂ ಅಗ್ಗ. ಒತ್ತೊತ್ತಾಗಿರುವುದರಿಂದ ಬರುವ ಸೆಕೆಗೆ ನೆರಳಿನ ಮದ್ದಿದೆ, ಹರಡಿದ್ದಕ್ಕೆ ಮದ್ದಿಲ್ಲ.

ಹುಬ್ಬಳ್ಳಿ-ಧಾರವಾಡಕ್ಕೆ ಒಂದು ಅನುಕೂಲವಿದೆ. ಎರಡೂ ಊರನ್ನು ಜೋಡಿಸುವ ಸುಮಾರು 22 ಕಿಲೋಮೀಟರ್ ಪಥದಲ್ಲಿ, ತನಗೆಂದೇ ಮೀಸಲಾದ ದಾರಿಯಿರುವ ಚಿಗರಿ ಬಸ್ಸು ಓಡುತ್ತಿದೆ. ಹೊಸ ಮನೆ, ಕಚೇರಿ, ಕಾಲೇಜುಗಳು ಆ ಪಥದ ನಿಲ್ದಾಣಗಳ ಸುತ್ತ ಬೆಳೆದರೆ ಊರಿಗೆ ಬೆನ್ನೆಲುಬು ಬಂದಂತೆ. ಉಣಕಲ್ ಕೆರೆಗೂ ಕೆಲಗೇರಿ ಕೆರೆಗೂ ನೀರು ತರುವ ಹಳ್ಳಗಳ ಗಡಿಯನ್ನು ಈಗಲೇ ಕಲ್ಲು ನೆಟ್ಟು ಗುರುತಿಸಿಬಿಡಬೇಕು. ಭೂಮಿಯ ಬೆಲೆ ಏರಿದ ಮೇಲೆ ಆ ಕಲ್ಲು ನೆಡುವ ಕೈ ಯಾರಿಗೂ ಇರುವುದಿಲ್ಲ. ಬೆಂಗಳೂರು 2023ರ ನವೆಂಬರಿನಲ್ಲಿ ಹವಾಮಾನ ಕ್ರಿಯಾ ಯೋಜನೆಯೊಂದನ್ನು ಹೊರತಂದು, 2050ರ ಹೊತ್ತಿಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರುವುದಾಗಿ ಹೇಳಿದೆ. ಓದಲು ಚೆನ್ನಾಗಿದೆ. ಆದರೆ ಯಾವ ಸರ್ವೆ ನಂಬರಿನಲ್ಲಿ ಏನು ಕಟ್ಟಬಹುದು ಎಂದು ಕಾನೂನಿನ ಬಲದಿಂದ ಹೇಳುವುದು ಮಹಾಯೋಜನೆ (ಮಾಸ್ಟರ್ ಪ್ಲಾನ್). ಅಲ್ಲಿ ಅದು 2007ರಲ್ಲಿ ಒಪ್ಪಿಗೆ ಪಡೆದದ್ದು, 2015ನೆಯ ಇಸವಿಯನ್ನು ಗುರಿಯಾಗಿಟ್ಟುಕೊಂಡದ್ದು. ನಿಮ್ಮ ಊರಿನಲ್ಲಿ ಎರಡನ್ನೂ ಒಂದೇ ಕಡತದಲ್ಲಿ ಬರೆಯುವಂತೆ ಒತ್ತಾಯಿಸಿ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಂದ ನಮ್ಮೂರಿನ ಉಷ್ಣದ್ವೀಪವನ್ನು ಅಳೆಸಬಹುದೇ? ದುಬಾರಿ ಉಪಕರಣ ನಮ್ಮಲ್ಲಿಲ್ಲ. (ಶಿವಮೊಗ್ಗ)

ಉತ್ತರ: ಖಂಡಿತವಾಗಿ ಅಳೆಸಬಹುದು. ಒಂದೇ ಬಗೆಯ ಐದಾರು ಸಾಧಾರಣ ಥರ್ಮಾಮೀಟರುಗಳು ಸಾಕು. ಮೊದಲ ದಿನ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಒಂದು ಗಂಟೆ ಇಟ್ಟು, ಯಾವುದು ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಎಂದು ಗುರುತಿಸಿಕೊಂಡು, ಆ ವ್ಯತ್ಯಾಸವನ್ನು ಕೊನೆಯವರೆಗೂ ಕಳೆಯುತ್ತ ಹೋಗಿ. ಪೇಟೆಯ ಇಕ್ಕಟ್ಟಿನ ಬೀದಿ, ಬಸ್ ನಿಲ್ದಾಣ, ತುಂಗೆಯ ದಡ, ಮರಗಳಿರುವ ಬಡಾವಣೆ, ಊರ ಹೊರಗಿನ ಗದ್ದೆ ಹೀಗೆ ಜಾಗಗಳನ್ನು ಆರಿಸಿ. ಮಕ್ಕಳು ಗೋಡೆಯಿಂದ ದೂರ ನಿಂತು, ಎದೆಯ ಎತ್ತರದಲ್ಲಿ ಹಿಡಿದು, ಐದು ನಿಮಿಷ ಕಾದು ಓದಬೇಕು. ಎಲ್ಲ ಕಡೆಯೂ ಅದೇ ಹೊತ್ತಿಗೆ. ರಾತ್ರಿ ಎಂಟೂವರೆಯ ಓದಿಗೆ ದೊಡ್ಡವರೊಬ್ಬರು ಜೊತೆಗಿರಲಿ.

ಮಧ್ಯಾಹ್ನ ಎರಡಕ್ಕೆ ಅಳೆದರೆ ವ್ಯತ್ಯಾಸ ಅಷ್ಟಾಗಿ ಕಾಣದೆ ಮಕ್ಕಳಿಗೆ ನಿರಾಸೆಯಾದೀತು. ಸೂರ್ಯ ಮುಳುಗಿ ಎರಡು ಮೂರು ಗಂಟೆಯ ಮೇಲೆ, ಮೋಡವಿಲ್ಲದ, ಗಾಳಿಯಿಲ್ಲದ ಜನವರಿಯ ಅಥವಾ ಫೆಬ್ರುವರಿಯ ರಾತ್ರಿ ಅಳೆಸಿ ನೋಡಿ. ಪ್ರತಿ ಅಂಕಿಯ ಪಕ್ಕದಲ್ಲಿ ಮೋಡವಿತ್ತೇ, ಗಾಳಿ ಬೀಸುತ್ತಿತ್ತೇ, ನಿಂತ ಜಾಗದಿಂದ ತಲೆಯೆತ್ತಿದರೆ ಆಕಾಶ ಎಷ್ಟು ಕಾಣುತ್ತಿತ್ತು ಎಂಬುದನ್ನೂ ಬರೆಸಿ. ಮಕ್ಕಳ ಪಟ್ಟಿ ಸಿದ್ಧವಾದ ಮೇಲೆ ನಮಗೂ ಒಂದು ಪ್ರತಿ ಕಳಿಸಿದರೆ ಮುಂದಿನ ಸಂಚಿಕೆಯೊಂದರಲ್ಲಿ ಅದನ್ನೇ ಅಚ್ಚು ಹಾಕುತ್ತೇವೆ.